ಹುಳ ಇಲ್ಲದ ಸೂಗಪ್ಪ

ಮಸ್ಕಿಯಲ್ಲಿ ಸೂಗಪ್ಪಂದಿರಿಗೆ ಬರವಿರಲಿಲ್ಲ. ಗಾಣದ ಸೂಗಪ್ಪ, ಕುಂಟ ಸೂಗಪ್ಪ, ಎರಡನೇ ಮದುವೆಯ ಸೂಗಪ್ಪ. ಹಣ್ಣಿನ ವ್ಯಾಪಾರ ಮಾಡುತ್ತಿದ್ದವನಿಗೆ ‘ಹುಳ ಇಲ್ಲದ ಸೂಗಪ್ಪ’ ಎಂದು ಹೆಸರು. ಇದು ಜನ ಕೊಟ್ಟ ಹೆಸರು ಎಂದು ಅವನು ಹೇಳಿಕೊಳ್ಳುತ್ತಿದ್ದ, ಅದು ಪೂರ್ತಿ ನಿಜವಲ್ಲ. ಸಿಂಧನೂರಿನ ಸಂತೆಯಲ್ಲಿ ಬುಟ್ಟಿ ಇಳಿಸಿದೊಡನೆ “ಮಸ್ಕಿ ಪ್ಯಾರಲ, ಹುಳ ಇಲ್ಲದ ಪ್ಯಾರಲ” ಎಂದು ಅವನೇ ಕೂಗುತ್ತಿದ್ದ. ಜನ ಅದರೊಳಗಿನ ಪೇರಲಹಣ್ಣನ್ನು ತೆಗೆದುಕೊಂಡು ಆ ಜಾಗದಲ್ಲಿ ಅವನನ್ನು ಇಟ್ಟರು, ಅಷ್ಟೆ.

ಸೂಗಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದ, ಕೇಳದ್ದಕ್ಕೆ ಬಾಯಿ ಬಿಡುತ್ತಿರಲಿಲ್ಲ. “ಸಿಹಿ ಅದಾವೇನು?” ಎಂದರೆ “ಅದಾವ” ಎನ್ನುತ್ತಿದ್ದ. ಎಲ್ಲವೂ ಸಿಹಿಯೇ ಎಂದು ಕೇಳುವಷ್ಟು ಪುರುಸೊತ್ತು ಸಂತೆಗೆ ಬಂದವರಿಗೆ ಎಲ್ಲಿರುತ್ತದೆ? ಆಳು ಎತ್ತರ, ಮೈ ಒಣಕಲು, ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೊಂದು ಇಲ್ಲ. ಅದನ್ನು ಎತ್ತಿನ ಕೊಂಬಿಗೆ ಕೊಟ್ಟೆನೆಂದು ಅವನು ಹೇಳುತ್ತಿದ್ದ. ಹೆಂಡತಿಯ ಸೌಟಿಗೆ ಕೊಟ್ಟನೆಂದು ಅದೇ ಸಂತೆಯಲ್ಲಿ ಎದುರು ಸಾಲಿನಲ್ಲಿ ಹಣ್ಣು ಮಾರುತ್ತಿದ್ದ ಗಾಳೆಪ್ಪ ಹೇಳುತ್ತಿದ್ದ.

ಗಾಳೆಪ್ಪನ ಹೊಟ್ಟೆ ಉರಿಗೆ ಕಾರಣ ಗ್ಯಾನಮ್ಮನ ತೋಟ. ಮಸ್ಕಿಯ ಹಳ್ಳದ ದಂಡೆಗೆ ಗ್ಯಾನಮ್ಮ ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಹಚ್ಚಿಸಿದ ಪೇರಲ ತೋಟವದು. ಗಿಡಗಳಿಗೆ ಇನ್ನೂ ಎಳೆಯ ಪ್ರಾಯ, ಹಣ್ಣು ಮುಷ್ಟಿಗೆ ತುಂಬುವಂಥವು. ಫಸಲನ್ನು ವರ್ಷವರ್ಷ ಸೂಗಪ್ಪನಿಗೇ ಗುತ್ತಿಗೆ ಕೊಡುತ್ತಿದ್ದಳು. ಹೆಚ್ಚು ಕೊಡುತ್ತಾನೆಂದಲ್ಲ. ಗ್ಯಾನಮ್ಮನಿಗೆ ಒಂದು ಕಟ್ಟಳೆಯಿತ್ತು: ಗಿಡದ ಮೊದಲ ಹಣ್ಣು ಶ್ರಾವಣದ ಮೊದಲ ಸೋಮವಾರ ಮಠಕ್ಕೆ ಮೀಸಲು. ಅದು ಸಲ್ಲುವ ಮುಂಚೆ ಯಾರಾದರೂ ತಿಂದರೆ ಹಣ್ಣಿಗೆ ಹುಳ ಬೀಳುತ್ತದೆ. ಇದು ಅವಳ ಮಾವ ಹೇಳಿದ ಮಾತು, ಆ ಸೀಮೆಯಲ್ಲಿ ಎಲ್ಲರ ಮಾವಂದಿರೂ ಹೇಳಿದ ಮಾತು. ಹೀಗಾಗಿ “ನಮ್ಮ ತೋಟದಾಗ ಹುಳ ಬಿದ್ದೈತಿ” ಎನ್ನುವುದೂ “ಮೀಸಲು ನಾವs ತಿಂದೀವಿ” ಎನ್ನುವುದೂ ಒಂದೇ ಆಗಿತ್ತು. ಸೂಗಪ್ಪನ ಹಣ್ಣಿನಲ್ಲಿ ಹುಳ ಇಲ್ಲ, ಅಂದರೆ ಸೂಗಪ್ಪ ಮೀಸಲು ಕಾಯುವವನು, ಅಂದರೆ ತೋಟ ಸೂಗಪ್ಪನಿಗೆ. ಗ್ಯಾನಮ್ಮನ ಲೆಕ್ಕ ಅಷ್ಟು ನೇರ. ಹುಳ ಬಿದ್ದ ದಿನ ತೋಟ ಗಾಳೆಪ್ಪನಿಗೆ ಎನ್ನುವುದೂ ಅಷ್ಟೇ ನೇರ, ಅದನ್ನು ಅವಳು ಬಾಯಿಬಿಟ್ಟೇ ಹೇಳಿದ್ದಳು.

ಸೂಗಪ್ಪನಿಗೆ ಇಲ್ಲೊಂದು ಸಣ್ಣ ತೊಡಕು. ಹಣ್ಣಿನ ವ್ಯಾಪಾರಿ ಹಣ್ಣಿನ ರುಚಿ ನೋಡದೆ ದರ ಕಟ್ಟುವುದು ಹೇಗೆ? ಯಾವ ಗಿಡ ಮುಂದು, ಯಾವುದು ಹಿಂದು, ಯಾವುದು ಸಂತೆಗೆ, ಯಾವುದು ಮನೆ ಬಾಗಿಲ ಮಾರಾಟಕ್ಕೆ, ಇದೆಲ್ಲ ನಾಲಿಗೆ ಹೇಳಬೇಕು. ಮೀಸಲಿನ ಸೋಮವಾರದ ತನಕ ನಾಲಿಗೆಗೆ ಬೀಗ ಹಾಕಿದರೆ ಮೊದಲ ಸಂತೆ ಗಾಳೆಪ್ಪನ ಪಾಲು. ಆದ್ದರಿಂದ ಸೂಗಪ್ಪ ತನ್ನಷ್ಟಕ್ಕೆ ಒಂದು ನ್ಯಾಯ ಮಾಡಿಕೊಂಡಿದ್ದ: ನುಂಗಿದರೆ ತಿಂದಂತೆ, ಉಗುಳಿದರೆ ನೋಡಿದಂತೆ. ಬೆಳಗಿನ ಜಾವ ತೋಟಕ್ಕೆ ಹೋಗಿ ಗಿಡಕ್ಕೊಂದು ಹಣ್ಣು ಕಚ್ಚುತ್ತಿದ್ದ, ಜಗಿಯುತ್ತಿದ್ದ, ಉಗುಳುತ್ತಿದ್ದ, ಉಳಿದರ್ಧವನ್ನು ಗಿಡದ ಬುಡಕ್ಕೆ ಒಗೆಯುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆದಿತ್ತು. ಹುಳ ಬಿದ್ದಿರಲಿಲ್ಲ. ಮೇಲಿನವನೂ ತನ್ನ ನ್ಯಾಯವನ್ನು ಒಪ್ಪಿಕೊಂಡಿದ್ದಾನೆಂದೇ ಸೂಗಪ್ಪ ತಿಳಿದಿದ್ದ.

ಐವತ್ನಾಲ್ಕರ ಚಳಿಗಾಲದಲ್ಲಿ ಯಂಕೋಬ ಬಂದ. ಬೇಸಾಯದ ಖಾತೆಯ ಹುಡುಗಪ್ರಾಯದ ಅಧಿಕಾರಿ, ದಢೇಸುಗೂರಿನ ಕಡೆಯವನೇ, ಹೈದರಾಬಾದಿನಲ್ಲಿ ಓದಿ ಬಂದವನು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಸುತ್ತಿನಲ್ಲಿ ಹಣ್ಣು ಕಾಯಿಗಳನ್ನು ಕೆಡಿಸುವ ನೊಣ ಎಷ್ಟು ಜಾತಿಯವು, ಯಾವ ಜಾತಿ ಯಾವ ಹಣ್ಣಿಗೆ ಬೀಳುತ್ತದೆ ಎಂದು ನೋಡಿ ಬರಲು ಅವನನ್ನು ಕಳಿಸಿದ್ದರು. ಅವನು ಮಾಡಿದ ಮೊದಲ ತಪ್ಪೆಂದರೆ ಅದಕ್ಕೆ ‘ಸರ್ವೆ’ ಎಂಬ ಮಾತು ಬಳಸಿದ್ದು. ಜಾಗೀರುಗಳು ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಕಾಲುವೆಯ ಜನ ಬೇರೆ ಸರಪಳಿ ಹಿಡಿದು ಹೊಲ ಹೊಲ ತಿರುಗಿದ್ದರು. ಸರ್ವೆ ಎಂದರೆ ಏನೋ ಒಂದು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

“ನೊಣದ ಸರ್ವೆಗೆ ಬಂದೀನ್ರಿ” ಎಂದು ಅವನು ಚಾವಡಿಯಲ್ಲಿ ಹೇಳಿದಾಗ ಗಾಳೆಪ್ಪ ಕೇಳಿದ: “ಹೊಲದ್ದು ಮುಗೀತು, ಈಗ ನೊಣದ್ದು ಹಿಡಿದ್ರೇನ್ರಿ ಸಾಹೇಬ್ರ? ರೆಕ್ಕಿಗೆ ಎಷ್ಟು ಕಂದಾಯ ಕೂಡಿಸ್ತೀರಿ?”

ಆವತ್ತಿನಿಂದ ಯಂಕೋಬ ನೊಣದ ಸಾಹೇಬನಾದ. ಇರಲು ಜಾಗ ಹುಡುಕುತ್ತಿದ್ದವನಿಗೆ ಸೂಗಪ್ಪ ತನ್ನ ಮನೆಯ ಪಡಸಾಲೆ ಬಿಟ್ಟುಕೊಟ್ಟ. ಅಧಿಕಾರಿ ಊರಲ್ಲಿದ್ದರೆ ಅಂಜಿಕೆ, ಮನೆಯಲ್ಲಿದ್ದರೆ ಬಾಡಿಗೆ, ಇದು ಸೂಗಪ್ಪನ ಲೆಕ್ಕ. ಇನ್ನೊಂದು ಲೆಕ್ಕವೂ ಇತ್ತು: ಉಂಡ ಮನೆಯವರ ತೋಟವನ್ನು ಯಾರೂ ಶೋಧಿಸುವುದಿಲ್ಲ.

ನೊಣದ ಸಾಹೇಬನಿಗೆ ಬೇಕಾದದ್ದು ಕೆಟ್ಟ ಹಣ್ಣು. ಗಾಜಿನ ಬರಣಿಯಲ್ಲಿ ಹಸಿ ಉಸುಕು ಹಾಕಿ, ಅದರ ಮೇಲೆ ಹುಳ ಬಿದ್ದ ಹಣ್ಣಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟುತ್ತಿದ್ದ. ಹುಳ ಹಣ್ಣಿನಿಂದಿಳಿದು ಉಸುಕು ಸೇರಿ ಅಕ್ಕಿ ಕಾಳಿನಂತೆ ಗಟ್ಟಿಯಾಗಿ ಮಲಗುತ್ತದೆ, ಕೆಲವು ದಿನಕ್ಕೆ ನೊಣವಾಗಿ ಏಳುತ್ತದೆ. ಯಾವ ನೊಣ ಎದ್ದಿತೆಂದು ನೋಡಿ ಜಾತಿ ಗುರುತಿಸಬೇಕು. ಸೂಗಪ್ಪನ ಹೆಂಡತಿ ಪಂಪಮ್ಮ ಇದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

“ಉಪ್ಪಿನಕಾಯಿ ಹಾಕೋ ಬರಣಿಯಾಗ ಹುಳ ಸಾಕ್ಯಾನಲ್ರೀ ಈ ಮನಿಶ್ಯಾ. ತಾಯಿ ಏನೂ ಕಲಿಸಿಲ್ಲೇನು?”

“ಸರಕಾರ ಕಲಿಸೈತಿ, ಸುಮ್ನಿರು” ಎಂದ ಸೂಗಪ್ಪ.

ಬರಣಿ ಇದ್ದವು, ಹುಳ ಸಿಗಲಿಲ್ಲ. ಯಂಕೋಬ ಊರೂರು ತಿರುಗಿ “ನಿಮ್ಮ ಹಣ್ಣಿನಾಗ ಹುಳ ಅದಾವೇನ್ರಿ?” ಎಂದು ಕೇಳುತ್ತಿದ್ದ. ಗುರುಗುಂಟಾದಲ್ಲಿ ಇಲ್ಲ. ಲಿಂಗಸುಗೂರಿನಲ್ಲಿ ಇಲ್ಲ. ಸಿಂಧನೂರಿನಲ್ಲಿ ಅಂಥ ಮಾತು ಕೇಳಿದ್ದಕ್ಕೇ ಒಬ್ಬ ಕೊಟ್ಟ ಎಲೆ ಅಡಿಕೆ ವಾಪಸ್ಸು ತೆಗೆದುಕೊಂಡ. ಮುಖ ಬಾಡಿಸಿಕೊಂಡು ಬಂದವನ ಮೇಲೆ ಸೂಗಪ್ಪನಿಗೆ ಕನಿಕರ ಹುಟ್ಟಿತು. ಇಷ್ಟು ಕೆಟ್ಟ ವ್ಯಾಪಾರವನ್ನು ಅವನು ಕಂಡಿರಲಿಲ್ಲ.

“ಸಾಹೇಬ್ರ, ನೀವು ಕೇಳೋ ಪದ್ಧತಿ ಬರೋಬರಿ ಇಲ್ಲರಿ. ‘ನಿಮ್ಮ ಮನ್ಯಾಗ ಕಳ್ಳರದಾರೇನು’ ಅಂದ್ರ ಯಾವ ಮಗ ಹೂಂ ಅಂತಾನ? ‘ಯಾರ ಮನ್ಯಾಗ ಅದಾರ’ ಅಂತ ಕೇಳ್ರಿ.”

ಮಾರನೆಯ ವಾರ ಸೂಗಪ್ಪ ತನ್ನ ಕೆಲಸಕ್ಕೆಂದು ಹೊರಟ ಬಂಡಿಯಲ್ಲಿ ಅವನನ್ನೂ ಕೂಡಿಸಿಕೊಂಡ. ಗುರುಗುಂಟಾದಲ್ಲಿ “ಬಾರಿಹಣ್ಣಿಗೆ ಯಾರ ಹೊಲದಾಗ ಹುಳ ಭಾಳ?” ಎಂದು ಕೇಳಿದ್ದೇ ತಡ, ಹೊಲದ ಹೆಸರು, ಬೇಲಿಯ ಗುರುತು, ಆ ಹೊಲದವರ ಅಜ್ಜ ಮಠಕ್ಕೆ ಮಾಡಿದ ಮೋಸ ಎಲ್ಲ ಒಂದೇ ಉಸಿರಿನಲ್ಲಿ ಬಂತು. ಆ ಹೊಲದವನನ್ನು ಕೇಳಿದರೆ ಇವನ ಹೊಲದ ಗುರುತು ಬಂತು. ಬೇಸಿಗೆಯಲ್ಲಿ ದಢೇಸುಗೂರಿನ ಹೊಳೆದಂಡೆಯ ಸೌತೆ, ಕಲ್ಲಂಗಡಿ, ಸಿಂಧನೂರಿನ ಮಾವು, ಮಳೆ ಹಿಡಿದ ಮೇಲೆ ಲಿಂಗಸುಗೂರಿನ ಹಾಗಲ, ಹೀರೆ. ಯಾರೂ ತಮ್ಮ ಹೆಸರು ಹೇಳಲಿಲ್ಲ, ಯಾರ ಹೆಸರೂ ಬಿಟ್ಟುಹೋಗಲಿಲ್ಲ. ಪಡಸಾಲೆ ತುಂಬಿತು. ಬೋರೆಹಣ್ಣಿನ ನೊಣ ಬೇರೆ, ಸೌತೆಕಾಯಿಯದು ಬೇರೆ, ಮಾವಿನದು ಬೇರೆ ಎಂದು ಯಂಕೋಬ ಹಬ್ಬ ಬಂದವನಂತೆ ಓಡಾಡಿದ.

ಬಿಟ್ಟುಹೋದ ಹೆಸರು ಒಂದೇ. ಸೂಗಪ್ಪ ಪಕ್ಕದಲ್ಲೇ ನಿಂತಿರುವಾಗ ಸೂಗಪ್ಪನ ತೋಟವನ್ನು ತೋರಿಸುವವರು ಯಾರು?

ಆಷಾಢದ ಕೊನೆಗೆ ಯಂಕೋಬ ಕೇಳಿದ: “ಸೂಗಪ್ಪಾರ, ನಿಮ್ಮ ಪ್ಯಾರಲ ತೋಟ ಒಂದು ಉಳೀತಲ್ರೀ.”

“ನಮ್ಮ ತೋಟದಾಗ ಹುಳ ಅದಾವಂತ ಯಾರರ ಅಂದಾರೇನ್ರಿ?”

“ಇಲ್ಲ.”

“ಮತ್ತ?”

ಯಂಕೋಬ ತನ್ನ ಬರಣಿಗಳ ಕಡೆ ತಿರುಗಿದ. ಸೂಗಪ್ಪ ಸುಳ್ಳು ಹೇಳಿರಲಿಲ್ಲ. ಆದರೆ ಆ ಬೆಳಿಗ್ಗೆಯೇ ಹಳ್ಳದ ಬದಿಯ ಗಿಡದ ಹಣ್ಣು ಕಚ್ಚಿದಾಗ ಒಳಗಿನಿಂದ ಬಿಳಿಯ ಸಣ್ಣ ಹುಳವೊಂದು ಬಿಲ್ಲಿನಂತೆ ಬಾಗಿ ಚಂಗನೆ ಸಿಡಿದು ಅವನ ಮೀಸೆಗೆ ಕೂತಿತ್ತು. ಪಕ್ಕದ ಗಿಡ ನೋಡಿದ, ಅಲ್ಲೂ ಇತ್ತು. ಅರ್ಧ ತೋಟ ಕಚ್ಚಿ, ಉಗುಳಿ, ಒಗೆದು ಮನೆಗೆ ಬಂದಿದ್ದ. ಮೇಲಿನವನು ತನ್ನ ನ್ಯಾಯವನ್ನು ತಿರುಗಿ ಓದಿದ್ದಾನೆಂದು ಅವನಿಗೆ ಅನಿಸಿತು. ಮೀಸಲಿನ ಸೋಮವಾರ ಹತ್ತಿರ ಬರುತ್ತಿತ್ತು. ಅಂದು ಗ್ಯಾನಮ್ಮ ತೋಟಕ್ಕೆ ಬಂದು ಕೂತು, ಹಣ್ಣು ಕೀಳಿಸಿ ಮಠಕ್ಕೆ ಕಳಿಸಿ, ಮುಂದಿನ ವರ್ಷದ ಗುತ್ತಿಗೆಯ ಮಾತನ್ನೂ ಅಲ್ಲಿಯೇ ಆಡುವ ರೂಢಿ. ಅದೊಂದು ದಿನ ಒಳ್ಳೆಯ ಹಣ್ಣು ಆರಿಸಿ ಕೊಟ್ಟು ದಾಟಿಬಿಟ್ಟರೆ ಆಯಿತು. ಗಾಳೆಪ್ಪನಿಗೆ ಸುಳಿವು ಹತ್ತಬಾರದು, ನೊಣದ ಸಾಹೇಬ ಆ ಕಡೆ ಬರಬಾರದು. ಅವನನ್ನು ಅಂದು ಬಸ್ಸಿಗೆ ಹತ್ತಿಸಿ ಲಿಂಗಸುಗೂರಿಗೆ ಕಳಿಸುವ ಏರ್ಪಾಟನ್ನೂ ಮಾಡಿದ.

ಎಲ್ಲವನ್ನೂ ಯೋಚಿಸಿದ ಸೂಗಪ್ಪ ಪಂಪಮ್ಮನ ಮೊಣಕಾಲನ್ನು ಯೋಚಿಸಿರಲಿಲ್ಲ.

ಪಡಸಾಲೆಯ ಗೋಡೆಯ ಮಾಡದಲ್ಲಿ ಯಂಕೋಬ ಒಂದು ಸೀಸೆ ಇಟ್ಟಿದ್ದ. ನಿಂಬೆಯ ವಾಸನೆಯ ಹುಲ್ಲಿನಿಂದ ತೆಗೆದ ಎಣ್ಣೆ. ಅರಿವೆಗೆ ಹಚ್ಚಿ ಗಿಡಕ್ಕೆ ಕಟ್ಟಿದರೆ ಕೆಲವು ಜಾತಿಯ ನೊಣ ಹುಡುಕಿಕೊಂಡು ಬರುತ್ತಿದ್ದವು. ಮಳೆಗಾಲ ಹಿಡಿದಾಗಿನಿಂದ ಪಂಪಮ್ಮನಿಗೆ ಮೊಣಕಾಲು ಹಿಡಿದಿತ್ತು. ಇಷ್ಟು ಘಾಟು ವಾಸನೆಯ ಎಣ್ಣೆ ನೋವಿಗಲ್ಲದೆ ಇನ್ನಾವುದಕ್ಕೆ ಎಂದುಕೊಂಡು, ಸೋಮವಾರ ಮುಂಜಾನೆ ಮಿಂದು ಮಡಿಯಾಗಿ, ಎರಡೂ ಮೊಣಕಾಲಿಗೆ ಕೈತುಂಬ ತಿಕ್ಕಿಕೊಂಡು ಗಂಡನ ಹಿಂದೆ ತೋಟಕ್ಕೆ ನಡೆದಳು.

ಗ್ಯಾನಮ್ಮ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ಗಾಳೆಪ್ಪ “ಅವ್ವಾರಿಗೆ ಶರಣು ಮಾಡಿ ಹೋಗಾಕ ಬಂದೆ” ಎಂದು ಬಂದಿದ್ದ, ಶರಣು ಮಾಡಿಯೂ ಹೋಗಿರಲಿಲ್ಲ. ಸೂಗಪ್ಪ ಗಿಡಗಿಡಕ್ಕೆ ಆರಿಸಿ ಆರಿಸಿ ಹಣ್ಣು ಕಿತ್ತು ಬುಟ್ಟಿಗಿಡುತ್ತಿದ್ದ. ಪಂಪಮ್ಮ ಹೊರಸಿನ ಬದಿಗೆ ಕಾಲು ಚಾಚಿ ಕೂತಳು.

ಮೊದಲು ಒಂದು ಬಂತು. ಮನೆಯ ನೊಣದಷ್ಟೇ ಗಾತ್ರ, ಆದರೆ ಕಣಜದ ಮರಿಯ ಹಾಗೆ ನಡು ಸಣ್ಣ, ಮೈ ಕೆಂಪುಹಳದಿ. ಸೀರೆಯ ಮೇಲಿಂದಲೇ ಮೊಣಕಾಲನ್ನು ನೆಕ್ಕತೊಡಗಿತು. ಮತ್ತೆರಡು ಬಂದವು. ನೋಡನೋಡುತ್ತ ಪಂಪಮ್ಮನ ಎರಡೂ ಮೊಣಕಾಲು ಕಾಣದಂತೆ ನೊಣ ಮುಕುರಿದವು.

“ಏನವಾ ಪಂಪವ್ವ, ಮೊಣಕಾಲಿಗೆ ಬೆಲ್ಲ ಹಚ್ಚಿಕೊಂಡು ಬಂದೀಯೇನು?” ಎಂದ ಗಾಳೆಪ್ಪ.

ಸೂಗಪ್ಪ ಹೆಗಲ ವಸ್ತ್ರ ತೆಗೆದು ಬೀಸುತ್ತ ಬಂದ. “ಮನೀ ನೊಣ. ದನದ ಕೊಟ್ಟಿಗಿ ಹತ್ರ ಐತಲ್ಲ.” ಕೊಟ್ಟಿಗೆ ಹತ್ತಿರವಿದ್ದದ್ದು ನಿಜ.

ಅಷ್ಟರಲ್ಲಿ ಬೇಲಿ ದಾಟಿ ಯಂಕೋಬನೇ ಓಡಿ ಬಂದ. ಬಸ್ಸು ಹತ್ತುವ ಮುಂಚೆ ಸೀಸೆ ನೋಡಿಕೊಂಡಿದ್ದಾನೆ, ಬರಿದಾಗಿದೆ. ಪಡಸಾಲೆಯಿಂದ ತೋಟದವರೆಗೆ ಆ ವಾಸನೆ ದಾರಿ ತೋರಿಸಿತ್ತು. ಪಂಪಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಮೊಣಕಾಲನ್ನೇ ದಿಟ್ಟಿಸಿದ. ಪಂಪಮ್ಮ ಸೆರಗು ಎಳೆದುಕೊಂಡಳು.

“ಇವs ಅದಾವ ನೋಡ್ರಿ, ಪ್ಯಾರಲಹಣ್ಣಿನ ನೊಣ” ಎಂದ ಅವನು ಹಿಗ್ಗಿ. “ಎಲ್ಲಾ ಗಂಡು. ಈ ಎಣ್ಣಿಗೆ ಗಂಡು ನೊಣ ಅಷ್ಟs ಬರ್ತಾವ.”

“ಎವ್ವಾ, ಇದೇನು ಮಾತಪಾ” ಎಂದು ಪಂಪಮ್ಮ ಎದ್ದು ಬಾವಿಯ ಕಡೆ ನಡೆದಳು. ನೊಣಗಳೂ ನಡೆದವು.

ಗ್ಯಾನಮ್ಮ ನಗಲಿಲ್ಲ. “ಸಾಹೇಬ್ರ, ಈ ನೊಣ ಇದ್ದಲ್ಲಿ ಹಣ್ಣಿಗೆ ಹುಳ ಇರ್ತಾವೇನ್ರಿ?”

“ಇರ್ತಾವ್ರಿ ಅವ್ವಾರ. ಹುಳ ಅಂದ್ರ ಈ ನೊಣದ ಮರಿಗಳs.”

ಗ್ಯಾನಮ್ಮ ಬುಟ್ಟಿಯ ಹಣ್ಣು ಮುಟ್ಟಲಿಲ್ಲ. ಕೈಗೆ ಎಟುಕಿದ ಕೊಂಬೆಯಿಂದ ಒಂದನ್ನು ಕಿತ್ತು ಎರಡು ಹೋಳು ಮಾಡಿದಳು. ಹುಳವೊಂದು ಸಿಡಿದು ಅವಳ ಮಡಿಲಿಗೆ ಬಿತ್ತು. ಅದನ್ನೂ ನೋಡಿದಳು, ಸೂಗಪ್ಪನನ್ನೂ ನೋಡಿದಳು.

“ಸೂಗಪ್ಪಾ, ಮೀಸಲು ತಿಂದೀಯೇನು?”

“ಸೂಗೂರೇಶನ ಆಣಿರೀ ಅವ್ವಾರ, ಒಂದು ತುಣುಕು ನುಂಗಿಲ್ಲ.”

“ನುಂಗಿದ್ದು ನಾ ಎಲ್ಲಿ ಕೇಳೀನಿ?” ಎಂದಳು ಗ್ಯಾನಮ್ಮ. ಅವಳೂ ಸೂಗಪ್ಪನ ಜೊತೆ ವರ್ಷಗಟ್ಟಲೆ ವ್ಯವಹಾರ ಮಾಡಿದವಳು.

ಸೂಗಪ್ಪ ಬುಟ್ಟಿಯ ಹಣ್ಣು ಸರಿಸಿಡತೊಡಗಿದ. ಅವನನ್ನು ಉಳಿಸಲು ಬಂದವನು ಯಂಕೋಬ. ಉಂಡ ಮನೆಯ ಋಣವೋ, ಕಲಿತ ವಿದ್ಯೆಯ ಹಂಬಲವೋ, “ತಿನ್ನೋದಕ್ಕೂ ಹುಳಕ್ಕೂ ಸಂಬಂಧ ಇಲ್ರಿ, ಬರ್ರಿ ತೋರಿಸ್ತೀನಿ” ಎಂದು ಗ್ಯಾನಮ್ಮನನ್ನು ಗಿಡದ ಬಳಿಗೆ ಕರೆದ. ಎಲೆ ಸರಿಸಿ, ಇನ್ನೂ ಹಣ್ಣಾಗದ ದೋರಗಾಯಿಯೊಂದರ ಮೇಲೆ ಕೂತ ನೊಣ ತೋರಿಸಿದ. ಅದಕ್ಕೆ ಎಣ್ಣೆಯ ಗೊಡವೆಯಿರಲಿಲ್ಲ. ಹಿಂಭಾಗ ಬಗ್ಗಿಸಿ, ಸೂಜಿಯಂಥದೊಂದನ್ನು ಕಾಯಿಯ ಸಿಪ್ಪೆಗೆ ಚುಚ್ಚುತ್ತಿತ್ತು.

“ಇದು ಹೆಣ್ಣು. ತತ್ತಿ ಒಳಗ ಇಡಾಕತ್ತೈತಿ. ಹಣ್ಣು ಆಗೋದರಾಗ ಹುಳ ಆಗ್ತಾವ.”

ಗ್ಯಾನಮ್ಮ ಉಸಿರು ಹಿಡಿದು ಅಷ್ಟೂ ಹೊತ್ತು ನೋಡಿದಳು. ನೊಣ ಕೆಲಸ ಮುಗಿಸಿ ಹಾರಿತು.

“ಅಂದ್ರ ಮಠದ ಸ್ವಾಮಿಗಿಂತ ಮೊದ್ಲು ಮೀಸಲು ಮುಟ್ಟೋದು ಇದು.”

ಸೂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಆ ಖುಷಿಯಲ್ಲಿ ಮಾಡಿದ. ಕೇಳದೆ ಮಾತಾಡಿದ.

“ಹೌದ್ರಿ ಅವ್ವಾರ, ಇದs ಕಳ್ಳ. ಹೋದ ವರ್ಷ ಇದು ಇದ್ದಿದ್ದಿಲ್ಲ, ಹುಳಾನೂ ಇದ್ದಿದ್ದಿಲ್ಲ.”

“ಹೋದ ವರ್ಷ ಯಾಕ ಇದ್ದಿದ್ದಿಲ್ಲ?” ಎಂದು ಗ್ಯಾನಮ್ಮ ಯಂಕೋಬನನ್ನು ಕೇಳಿದಳು.

ಯಂಕೋಬನಿಗೆ ವ್ಯಾಪಾರ ಗೊತ್ತಿರಲಿಲ್ಲ, ಅದಕ್ಕೇ ಪೂರ್ತಿ ಉತ್ತರ ಹೇಳಿದ. “ಎಳೀ ತೋಟಕ್ಕ ಹೊರಗಿಂದ ಒಂದೆರಡು ಬಂದಿರ್ತಾವ್ರಿ. ಕೆಟ್ಟ ಹಣ್ಣು ಗಿಡದ ಬುಡಕ್ಕ ಬಿದ್ರ ಹುಳ ಮಣ್ಣಿಗೆ ಇಳೀತಾವ, ನೊಣ ಆಗಿ ಮತ್ತ ಮ್ಯಾಲ ಬರ್ತಾವ. ಬಿದ್ದದ್ದು ಬಿದ್ದಂಗ ಬಿಟ್ರ ವರ್ಷದಿಂದ ವರ್ಷಕ್ಕ ಹೆಚ್ತಾವ.”

ಎಲ್ಲರೂ ನೆಲ ನೋಡಿದರು. ಗಿಡದ ಬುಡದಲ್ಲಿ ಹಣ್ಣು ಬಿದ್ದಿದ್ದವು. ತಾವಾಗಿ ಬಿದ್ದವು ಇಡಿಯಾಗಿದ್ದವು. ಉಳಿದವು ಅರ್ಧ. ಗ್ಯಾನಮ್ಮ ಬಗ್ಗಿ ಒಂದು ಅರ್ಧ ಹಣ್ಣು ಎತ್ತಿಕೊಂಡಳು. ಅಂದು ಬೆಳಗಿನದೇ. ಕಚ್ಚಿದ ಗುರುತು ಅಚ್ಚೊತ್ತಿದಂತಿತ್ತು, ಸಾಲು ಹಲ್ಲಿನ ಗೆರೆ, ನಡುವೆ ಒಂದು ಹಲ್ಲಿನಷ್ಟು ತಿರುಳು ಹಾಗೆಯೇ ಎದ್ದು ನಿಂತಿತ್ತು. ಇನ್ನೊಂದು ಎತ್ತಿದಳು. ಅಲ್ಲಿಯೂ ಅದೇ ಹಲ್ಲು ಇರಲಿಲ್ಲ.

“ಎತ್ತಿನ ಕೊಂಬಿಗೆ ಕೊಟ್ಟ ಹಲ್ಲು” ಎಂದು ಗಾಳೆಪ್ಪ ಮೆಲ್ಲಗೆ ಅಂದ.

“ನುಂಗಿಲ್ರಿ ಅವ್ವಾರ” ಎಂದ ಸೂಗಪ್ಪ. “ರುಚಿ ನೋಡಿ ಉಗುಳೀನಿ.”

“ನುಂಗಿದ್ರ ಹುಳ ನಿನ್ನ ಹೊಟ್ಟ್ಯಾಗರ ಇರ್ತಿದ್ವು” ಎಂದಳು ಗ್ಯಾನಮ್ಮ. “ಉಗುಳಿದಿ ನೋಡು, ಅದಕ್ಕs ನನ್ನ ತೋಟ ಸೇರ್ಯಾವ. ನಮ್ಮ ಮಾವ ಹೇಳಿದ್ದೇನು ಸುಳ್ಳಾತು? ಮೀಸಲಿಗಿಂತ ಮೊದ್ಲು ಬಾಯಿ ಹಚ್ಚಿದಿ, ಹುಳ ಬಿತ್ತು. ಸಾಹೇಬ್ರು ಹುಳ ಬಂದ ದಾರಿ ತೋರಿಸಿದ್ರು, ಅಷ್ಟs.”

ಯಂಕೋಬ ಬುಡದ ಅರ್ಧ ಹಣ್ಣೊಂದನ್ನು ತನ್ನ ಬರಣಿಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡ.

ಗಾಳೆಪ್ಪ ವಸ್ತ್ರ ಸರಿಮಾಡಿಕೊಂಡು ಮುಂದೆ ಬಂದ. “ನಾ ಏನರ ಆಗಲಿ, ಬಾಯಿ ಹಚ್ಚಂಗಿಲ್ರಿ ಅವ್ವಾರ. ಚಾಕುಲೆ ಕೊಯ್ದು ನೋಡ್ತೀನಿ.”

“ಕೊಯ್ದದ್ದು ಎಲ್ಲಿ ಒಗೀತಿ?”

ಗಾಳೆಪ್ಪನ ಕಣ್ಣು ಗಿಡದ ಬುಡಕ್ಕೆ ಹೋಗುತ್ತಿದ್ದಂತೆ ಗ್ಯಾನಮ್ಮ ಹೊರಸಿನ ಕಡೆ ತಿರುಗಿದಳು. ಕೂತು, ಕೈಯಲ್ಲಿದ್ದ ಎರಡು ಅರ್ಧ ಹಣ್ಣನ್ನು ಪಕ್ಕಕ್ಕಿಟ್ಟಳು. ಸೂಗಪ್ಪ ನಿಂತೇ ಇದ್ದ. ಕೊನೆಗೆ ಅವಳು ಹೇಳಿದ್ದು ಇಷ್ಟು: ತೋಟಕ್ಕೆ ಹುಳ ತಂದವನೇ ಹುಳ ತೆಗೆಯಬೇಕು, ಅಲ್ಲಿಯ ತನಕ ತೋಟ ಅವನ ಹತ್ತಿರವೇ ಇರಲಿ. ಬೇಲಿಯ ಬದಿಗೆ ಮೊಣಕಾಲುದ್ದ ತೆಗ್ಗು ತೋಡಿ, ಬಿದ್ದ ಹಣ್ಣು ದಿನದ ದಿನ ಆರಿಸಿ ಹಾಕಿ ಮಣ್ಣು ಮುಚ್ಚಬೇಕು. ಆಳಿನ ಕೈಯಿಂದಲ್ಲ, ತನ್ನ ಕೈಯಿಂದ. ಮತ್ತು ಸಂತೆಯಲ್ಲಿ ‘ಹುಳ ಇಲ್ಲದ ಪ್ಯಾರಲ’ ಎಂದು ಕೂಗಕೂಡದು.

ಮೊದಲಿನದಕ್ಕೆ ಸೂಗಪ್ಪ ತಕ್ಷಣ ತಲೆಯಾಡಿಸಿದ. ಎರಡನೆಯದಕ್ಕೆ ಹೊತ್ತು ಹಿಡಿಯಿತು.

“ಕೂಗೂದು ಬಿಟ್ರ ನನ್ನ ಹೆಸರು ಏನುಳೀತೈತ್ರಿ ಅವ್ವಾರ?”

“ಸೂಗಪ್ಪ ಅಂತ ಉಳೀತೈತಿ. ನಿಮ್ಮಪ್ಪ ಇಟ್ಟದ್ದು ಅಷ್ಟs.”

ಆ ವಾರ ಸಿಂಧನೂರಿನ ಸಂತೆಯಲ್ಲಿ ಅವನು ಬುಟ್ಟಿ ಇಳಿಸಿ ಸುಮ್ಮನೆ ಕೂತ. ಯಂಕೋಬನ ಮಾತು ಕೇಳಿ ಹಣ್ಣನ್ನು ಬಲಿಯುತ್ತಲೇ ಗಟ್ಟಿಯಿದ್ದಾಗ ಕಿತ್ತು ಹುಲ್ಲಿನಲ್ಲಿಟ್ಟು ಮಾಗಿಸಿ ತಂದಿದ್ದ. ನೊಣ ಮುಟ್ಟುವ ಮುಂಚೆ ತಾನು ಮುಟ್ಟಬೇಕು ಎನ್ನುವುದು ಅವನಿಗೆ ತಿಳಿಯುವಂಥ ವ್ಯಾಪಾರವೇ ಆಗಿತ್ತು. ಅವನಿಂದ ಚಿಲ್ಲರೆಗೆ ಹಣ್ಣು ಕೊಳ್ಳುತ್ತಿದ್ದ ಪೀರ್‌ಬೀ ಬುಟ್ಟಿಯ ಮುಂದೆ ನಿಂತಳು.

“ಏನಣ್ಣಾ, ಇವತ್ತ ಬಾಯಿ ಬಂದ್ ಮಾಡೀಯಲ್ಲ. ಹುಳ ಇಲ್ಲ ಅನ್ನಲ್ಲೇನು?”

“ಅನ್ನಂಗಿಲ್ಲ.”

“ಅದಾವೇನು?”

“ಇರಬೌದು.”

ಪೀರ್‌ಬೀ ಅವನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಸೂಗಪ್ಪ ಸರಿಯಾಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದ್ದು ಅವಳು ಕೇಳಿರಲಿಲ್ಲ. ಒಂದು ಹಣ್ಣು ಮುರಿದು ನೋಡಿದಳು, ಇನ್ನೊಂದು ಮುರಿದು ನೋಡಿದಳು, ಇಡೀ ಬುಟ್ಟಿ ಮುರಿದು ನೋಡುತ್ತಾಳೋ ಎಂದು ಅವನಿಗೆ ಅಂಜಿಕೆಯಾಗುವ ಹೊತ್ತಿಗೆ ಅರ್ಧ ಬುಟ್ಟಿ ಕೊಂಡಳು. ಮೊದಲೆಲ್ಲ ಪೂರಾ ಬುಟ್ಟಿ ಒಯ್ಯುತ್ತಿದ್ದಳು. ಉಳಿದರ್ಧವನ್ನು ಗಾಳೆಪ್ಪನ ಸಾಲಿನಲ್ಲಿ ಕೊಂಡಳು. ಸೂಗಪ್ಪ ಅದನ್ನೂ ನೋಡಿದ.

ಯಂಕೋಬ ದೀಪಾವಳಿಗೆ ಬರಣಿ ಕಟ್ಟಿಕೊಂಡು ಹೋದ. ಪೇರಲದ ನೊಣವೂ ಅವನ ಪೆಟ್ಟಿಗೆಯಲ್ಲಿ ಸೇರಿತ್ತು. ಹೋಗುವಾಗ ಪಂಪಮ್ಮನಿಗೆ ಅಂಗಡಿಯಿಂದ ಬೇರೆ ಎಣ್ಣೆ ತಂದುಕೊಟ್ಟ. ಅದರಿಂದ ಮೊಣಕಾಲು ನೋವು ಹೋಗಲಿಲ್ಲ, ನೊಣವೂ ಬರಲಿಲ್ಲ. ಮೊದಲಿನದೇ ಒಳ್ಳೆಯದಿತ್ತೆಂದು ಪಂಪಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಸೂಗಪ್ಪ ಐವತ್ತಾರರಲ್ಲಿಯೂ ತೆಗ್ಗು ತೋಡುತ್ತಿದ್ದ. ಆ ವರ್ಷ ರಾಜ್ಯವೇ ಬದಲಾಗಿ ಕಚೇರಿಯ ಬೋರ್ಡುಗಳು ಇಳಿದು ಬೇರೆಯವು ಏರಿದವು. ತೋಟದಲ್ಲಿ ಹುಳ ಬಹಳ ಕಡಿಮೆಯಾಗಿತ್ತು. ಪೂರ್ತಿ ಹೋಗಿರಲಿಲ್ಲ, ಏಕೆಂದರೆ ಬೇಲಿಯಾಚೆಯ ತೋಟ ಗಾಳೆಪ್ಪ ಗುತ್ತಿಗೆ ಹಿಡಿದಿದ್ದ, ಅವನು ಚಾಕುವಿನಿಂದ ಕೊಯ್ದು ನೋಡುತ್ತಿದ್ದ. ಗ್ಯಾನಮ್ಮ ಸಂಜೆಗೆ ಕೋಲೂರಿಕೊಂಡು ಬಂದು ತೆಗ್ಗಿನ ಮಣ್ಣು ಕೆದರಿ ನೋಡಿ ಹೋಗುತ್ತಿದ್ದಳು. ಊರವರು ಅವನನ್ನು ತೆಗ್ಗಿನ ಸೂಗಪ್ಪ ಎಂದು ಕರೆಯತೊಡಗಿದ್ದರು. ಅವನಿಗೆ ಆ ಹೆಸರು ಸೇರುತ್ತಿರಲಿಲ್ಲ. ಸೇರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ಅವನೂ ಹೇಳಲಿಲ್ಲ.